ಅಲ್ಲಾಡಿದ ಹಕ್ಕಿಯ ಪಟ

ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದರೆ ಆರಿದ ಗಂಜಿಯ ಹುಳಿ ವಾಸನೆ ಏಳುತ್ತದೆ. ಒಂದೆರಡು ಒಗೆತಕ್ಕೆ ಅದು ಹೊರಟುಹೋಗುತ್ತದೆ, ಅದಕ್ಕೇ ನಾನು ಸೀರೆಯನ್ನು ಕೆಲವು ದಿನ ನೀರಿಗೆ ಹಾಕದೆ ಹಾಗೇ ಇಟ್ಟುಕೊಳ್ಳುತ್ತೇನೆ. ಆ ವಾಸನೆಯೊಳಗೆ ಕೊಯಮತ್ತೂರಿನ ಕಡೆಯ ನೆಗಮಂ ಊರಿನ ನಮ್ಮ ಬೀದಿ ಇದೆ. ಮೂವತ್ತರ ದಶಕದ ಮಾತು. ಬಿಸಿಲೇರುವ ಮುಂಚೆ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ ಗಂಜಿ ಬಳಿಯುತ್ತಿದ್ದರು. ಒಳಗೆ ಅಪ್ಪ ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ನೇಯುತ್ತಿದ್ದರೆ, ಅಜ್ಜಿ ರಾಟೆಯ ಮುಂದೆ ಕೂತಿರುತ್ತಿದ್ದಳು. ಮನೆಯಲ್ಲಿ ಕನ್ನಡ ಆಡುತ್ತಿದ್ದೆವು, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಒಬ್ಬರಿಗೂ ಬರುತ್ತಿರಲಿಲ್ಲ. ಆ ಮನೆಯಿಂದ ಬಿ.ಎ. ಮಾಡಿದ ಮೊದಲನೆಯವಳು ನಾನು. ಈ ಅಕ್ಷರಗಳನ್ನು ಕಾಲೇಜು ಮುಗಿದ ಮೇಲೆ ನಾನಾಗಿ ಕಲಿತೆ. ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಮಗ್ಗ ಬಿಟ್ಟು ಕೊಯಮತ್ತೂರಿನ ಪಟದ ಅಂಗಡಿಯೊಂದಕ್ಕೆ, ಎಂದರೆ ಫೋಟೋ ಸ್ಟುಡಿಯೋಗೆ, ಸೇರಿದ್ದ. ಬದುಕಿರುವಾಗ ಪಟ ಹಿಡಿಸಿಕೊಂಡರೆ ಆಯುಸ್ಸು ತೀರುತ್ತದೆಂದು ಆಗ ನಮ್ಮ ಜನ ಹೆದರುತ್ತಿದ್ದರು. ಹಾಗಾಗಿ ಅವನಿಗೆ ಕರೆ ಬರುತ್ತಿದ್ದುದೆಲ್ಲ ಸಾವಿನ ಮನೆಗಳಿಂದ. ತೀರಿಕೊಂಡವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ತಲೆ ವಾಲದಂತೆ ಹಿಂದಿನಿಂದ ಕಟ್ಟಿ ಪಟ ತೆಗೆಯುವುದು ಅವನ ಕೆಲಸ. ಅವನು ಊರಿಗೆ ಬಂದರೆ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು. "ಉಸುರು ಹೋದವರ ಮುಖ ನೋಡಿದ ಪೆಟ್ಟಿ ಅದು. ನೀ ತಲೆಗೆ ನೀರು ಹಾಕ್ಕೊಂಡು ಬಾ. ಅದು ಹೊರಗೇ ಇರಲಿ." ನಮ್ಮ ಮಾತಿನಲ್ಲಿ ಉಸುರು ಎಂದರೆ ಉಸಿರೂ ಹೌದು, ತಮಿಳಿನವರ ಹಾಗೆ ಜೀವವೂ ಹೌದು. ಕ್ಯಾಮರಾ ಪೆಟ್ಟಿಗೆಯನ್ನು ಒಂಟಿಯಾಗಿ ಬಿಡಲಾರದೆ ಚಿಕ್ಕಪ್ಪ ಜಗಲಿಯ ಮೇಲೇ ಉಣ್ಣುತ್ತಿದ್ದ, ಅಲ್ಲೇ ಮಲಗುತ್ತಿದ್ದ. ಹುಟ್ಟಿದ ಮನೆಗೆ ಬಂದು ಹೊರಗಿನವನ ಹಾಗೆ.

ಒಂದು ಬೇಸಿಗೆಯಲ್ಲಿ ಬಂದವನು ನನ್ನನ್ನು ಎಂದಿನಂತೆ ಮುದ್ದಿಗೆ ಕಣ್ಣು ಎಂದು ಕರೆದು ಹೇಳಿದ: "ಜೀವ ಇರೋ ಒಂದರ ಪಟ ಹಿಡೀಬೇಕು ಕಣ್ಣು. ಅಂಗಡೀಲಲ್ಲ, ಅದು ಇರೋ ಕಡೆ ಹೋಗಿ. ಅದನ್ನ ಅವ್ವನ ಮುಂದೆ ಇಡ್ತೀನಿ. ಆಮೇಲೆ ಏನಂತಾಳೋ ನೋಡಾನ." ಜೋಳ ಕೊಯ್ದ ಹೊಲದಲ್ಲಿ ಬರಿ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನಂಥವೇ ಮೊಟ್ಟೆ ಇಟ್ಟಿದ್ದ ಟಿಟ್ಟಿಭ ಹಕ್ಕಿ ಅವನ ಕಣ್ಣಿಗೆ ಬಿದ್ದಿತ್ತು. ಅಲ್ಲಿಯವರು ಅದನ್ನು ಆಳ್‌ಕಾಟ್ಟಿ ಎನ್ನುತ್ತಾರೆ, ಮನುಷ್ಯರನ್ನು ತೋರಿಸಿಕೊಡುವುದು ಎಂದು. ಹೆಸರಿಗೆ ತಕ್ಕ ಹಾಗೆ, ದೂರದಲ್ಲಿ ಆಳು ಕಂಡರೂ ಊರಿಗೆಲ್ಲ ಕೇಳುವಂತೆ ಚೀರುತ್ತದೆ. ಚಿಕ್ಕಪ್ಪ ಮೊದಲು ಹಳೆಯ ಹೊದಿಕೆಯನ್ನು ಕೋಲಿಗೆ ಕಟ್ಟಿ ತನಗೆ ಮರೆ ಮಾಡಿಕೊಂಡ. ಗಾಳಿಗೆ ಅದು ಪಟಪಟ ಬಡಿದುಕೊಂಡಿತು, ಹಕ್ಕಿ ಸಂಜೆಯವರೆಗೆ ಬೈದುಕೊಂಡು ಸುತ್ತಿತು. ಸೋತು ಮನೆಗೆ ಬಂದು, ಪೆಟ್ಟಿಗೆಯನ್ನು ನನ್ನ ಕಾವಲಿಗೆ ಬಿಟ್ಟು, ತಲೆಗೆ ನೀರು ಹಾಕಿಕೊಂಡು ಒಳಗೆ ಹೋದ. ಹಳೆಯ ಅಭ್ಯಾಸಕ್ಕೆ ಅಪ್ಪನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಆಗ ಕೋಳಿಯೊಂದು ಅರ್ಧ ನೆಲದೊಳಗಿದ್ದ ಅವನ ಪಕ್ಕದಲ್ಲೇ ಹೆದರದೆ ಕೆದಕಿಕೊಂಡು ಹೋಯಿತು. ಎದ್ದವನೇ ಗುದ್ದಲಿ ಹುಡುಕಿದ.

ಮರುದಿನ ಹೊಲದಲ್ಲಿ ಅಗೆದದ್ದು ಥೇಟ್ ಮಗ್ಗದ ಗುಂಡಿಯೇ. ಅಪ್ಪ ನೋಡಿ ನಕ್ಕ. "ತರಿ ಬೇಡಾಂತ ಓಡಿದವ ಕಾಡಲ್ಲಿ ಕುಳಿ ತೋಡ್ತಾನೆ. ಆಳ್‌ಕಾಟ್ಟಿಗೆ ಸೀರೆ ನೇಯ್ತೀಯೇನ್ಡಾ?" ನಮ್ಮ ಮಾತಿನಲ್ಲಿ ತರಿ ಎಂದರೆ ಮಗ್ಗ, ಕಾಡು ಎಂದರೆ ಹೊಲ.

"ಹೂಂ ಅಣ್ಣಾ, ನೀನೇ ಬೋಣಿ ಮಾಡು. ನಮ್ಮ ಜೊತೆ ಬಂದು ನೀನೊಬ್ಬ ವಾಪಸ್ ಹೋಗು. ಒಬ್ಬ ಹೋದ್ರೆ ಎಲ್ಲರೂ ಹೋದ್ರು ಅಂದ್ಕೊಳ್ಳುತ್ತೆ, ಹಕ್ಕಿಗೆ ಎಣಿಸಕ್ಕೆ ಬರಲ್ಲ."

"ನಿನ್ನ ಹಾಗೇ," ಎಂದ ಅಪ್ಪ. ಆದರೆ ಬಂದ. ನಮ್ಮಿಬ್ಬರನ್ನು ಗುಂಡಿಗಿಳಿಸಿ, ಮೇಲೆ ಜೋಳದ ದಂಟು ಹರಡಿ, ತನ್ನಷ್ಟಕ್ಕೆ ಗಟ್ಟಿಯಾಗಿ ಮಾತಾಡಿಕೊಂಡು ಹೊರಟುಹೋದ.

ಮಗ್ಗವಾಗಿದ್ದರೆ ತುಳಿಯುವ ಮಣೆಗಳಿರುತ್ತಿದ್ದ ಜಾಗದಲ್ಲಿ ನಾನು ಮುದುರಿ ಕೂತಿದ್ದೆ. ಕಪ್ಪು ಬಟ್ಟೆಯೊಳಗೆ ಚಿಕ್ಕಪ್ಪ ನನ್ನ ತಲೆಯನ್ನೂ ಎಳೆದುಕೊಂಡ. ಕ್ಯಾಮರಾದ ಗಾಜಿನ ಮೇಲೆ ಹೊಲ ತಲೆಕೆಳಗಾಗಿತ್ತು, ಮೊಟ್ಟೆಗಳು ನೆಲಕ್ಕೆ ಅಂಟಿಕೊಂಡು ತೂಗುತ್ತಿದ್ದವು, ಕೆಳಗೆಲ್ಲ ಆಕಾಶ. ಅವನು ಬಟ್ಟೆ ಸರಿಸಿ, ಗಾಜಿನ ಜಾಗಕ್ಕೆ ಪಟ ಮೂಡುವ ಪ್ಲೇಟು ಹಾಕಿ, ಅದುಮಿದರೆ ಪಟ ತೆಗೆಯುವ ರಬ್ಬರ್ ಉಂಡೆಯನ್ನು ಕೈಯಲ್ಲಿ ಹಿಡಿದು ಕಾದ. ಅಪ್ಪನ ದನಿ ದೂರವಾದಂತೆ ಹಕ್ಕಿಯ ಚೀರಾಟವೂ ಇಳಿಯಿತು. ಮಣ್ಣು ಬೆಚ್ಚಗೆ ಬೆನ್ನಿಗೆ ಒತ್ತುತ್ತಿತ್ತು. ಕೊನೆಗೆ ಹಕ್ಕಿ ನಡೆದುಕೊಂಡೇ ಬಂತು, ಎಲ್ಲೋ ನೀರಿನಲ್ಲಿ ಹೊಟ್ಟೆ ನೆನೆಸಿಕೊಂಡು. ಬಿಸಿಲಿಗೆ ಕಾದ ಮೊಟ್ಟೆಗಳ ಮೇಲೆ ಆ ಒದ್ದೆ ಹೊಟ್ಟೆಯನ್ನು ಮೆಲ್ಲಗೆ ಇಳಿಸಿತು. ಚಿಕ್ಕಪ್ಪ ಉಂಡೆ ಅದುಮಿದ. ಆ ಸಣ್ಣ ಸದ್ದಿಗೆ ಹಕ್ಕಿ ತಲೆ ತಿರುಗಿಸಿತು.

ಮುಂದಿನ ಸಲ ಆ ಪಟ ತೆಗೆದುಕೊಂಡು ಊರಿಗೆ ಬಂದಾಗ ಅವನ ಮುಖ ಸಪ್ಪಗಿತ್ತು. ಮೈ, ಕಾಲು, ಕಲ್ಲು, ಎಲ್ಲವೂ ಕೊರೆದಿಟ್ಟಂತೆ ಬಂದಿದ್ದವು. ತಲೆ ಮಾತ್ರ ಎರಡಾಗಿ ಹೊಗೆಯಂತೆ ಕದಡಿತ್ತು. "ಅಲ್ಲಾಡಿಬಿಡ್ತು ಅವ್ವಾ. ನನ್ನ ಗಿರಾಕಿಗಳು ಅಲ್ಲಾಡೋರಲ್ಲ, ನನಗೆ ಕೈ ಪಳಗಿಲ್ಲ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಪಟ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು, ಹತ್ತಿರ ತಂದಳು. ಆ ಕದಡಿದ ತಲೆಯ ಮೇಲೆ ಬೆರಳಿಟ್ಟು, "ಉಸುರಿದೆ," ಎಂದಳು. ಆಮೇಲೆ ರಾಟೆಯ ಕಡೆ ತಿರುಗಿಕೊಂಡೇ, "ಪೆಟ್ಟೀನ ಯಾಕೆ ಬಿಸಿಲಲ್ಲಿ ಇಟ್ಟಿದ್ದೀಯ? ಒಳಗೆ ತಗೊಂಡು ಬಾ," ಎಂದಳು.

ಆ ದಿನ ಚಿಕ್ಕಪ್ಪ ಅಪ್ಪನ ಪಕ್ಕದಲ್ಲಿ ಕೂತು ಉಂಡ.

ಆ ಮನೆ ಈಗಿಲ್ಲ, ಗುಂಡಿ ಮುಚ್ಚಿ ಗಾರೆ ಹಾಕಿದ್ದಾರೆ. ಅವರು ಮೂವರೂ ಇಲ್ಲ. ನಾನು ಪದವಿಯ ಗೌನು ತೊಟ್ಟು ನಿಂತಾಗ ಪಟ ತೆಗೆದವನು ಚಿಕ್ಕಪ್ಪನೇ. ಎಲ್ಲರೂ ಅಲ್ಲಾಡಬೇಡ ಅಂದರು. ಅವನು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಅಲ್ಲಾಡು ಕಣ್ಣು, ಪರವಾಗಿಲ್ಲ," ಎಂದ. ನನಗೆ ನಗು ಬಂತು, ಪಟದಲ್ಲಿ ಮುಖ ಕದಡಿತು. ಆ ಪಟವೂ ಹಕ್ಕಿಯದೂ ನನ್ನ ಗೋಡೆಯ ಮೇಲೆ ಒಟ್ಟಿಗೆ ಇವೆ. ಬಂದವರು ಎರಡೂ ಕೆಟ್ಟಿವೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.