ಜಪಾನಿ ಕುಡುಗೋಲಿಗೆ ಹಲ್ಲು ಹಾಕಿಸಿದ್ದು

ಅಮರಪ್ಪ ಕಾಕಾ ಕುಡುಗೋಲು ಕದ್ದಿರಲಿಲ್ಲ. ಅದನ್ನು ಕೆಡಿಸಿದವಳು ನಾನು, ಬಚ್ಚಿಟ್ಟವಳು ನಾನು, ತವರಿಗೆ ಸಾಗಿಸಿದವಳೂ ನಾನೇ. ಬರೆದು ನೋಡಿದರೆ ಇಷ್ಟೇ ಇಷ್ಟು ಮಾತು. ಇದನ್ನು ಇಷ್ಟು ವರ್ಷ ನುಂಗಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ತಲೆ ಮೇಲೆ ಸೆರಗು ಹೊದ್ದು ಓಡಾಡಿದೆನಲ್ಲ — ನೆನೆದರೆ ನನಗೇ ನಗು ಬರುತ್ತದೆ. ನಗಬಾರದೇನೋ. ಆದರೆ ನಗದೆ ಇದನ್ನು ಹೇಳಲು ನನಗೆ ಬರುವುದಿಲ್ಲ, ಓದುವವರು ಸೈರಿಸಿಕೊಳ್ಳಬೇಕು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ದೇವದುರ್ಗ ತಾಲೂಕಿನ ಮಸರಕಲ್ಲಿನಿಂದ ರಾಯಚೂರಿಗೆ ಸೊಸೆಯಾಗಿ ಬಂದೆ. ಅತ್ತೆ ಇಲ್ಲದ ಮನೆ. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಅರ್ಧ ವಾರ ಊರಿನಲ್ಲೇ ಇರುತ್ತಿರಲಿಲ್ಲ. ಉಳಿದವರು ಮಾವ, ಶರಣಪ್ಪನವರು. ಕೃಷಿ ಇಲಾಖೆಯಲ್ಲಿದ್ದು, ಸಿರವಾರದ ಕಡೆಯ ರೈತರಿಗೆ ಭತ್ತವನ್ನು ಸಾಲುಸಾಲಾಗಿ ನಾಟಿ ಮಾಡುವುದನ್ನು ಕಲಿಸುತ್ತ ಜೀವ ಸವೆಸಿ, ನಿವೃತ್ತರಾಗಿ ಮನೆಗೆ ಬಂದಿದ್ದರು. ಹಿತ್ತಲಿನಲ್ಲಿ ಮಲ್ಲಿಗೆ, ಚೆಂಡುಹೂ, ಒಂದು ಕರಿಬೇವು, ನಿಂಬೆಗಿಡ — ಇವಿಷ್ಟನ್ನೂ ಸಾಲುಸಾಲಾಗಿಯೇ ಹಚ್ಚಿದ್ದರು. ಅಭ್ಯಾಸಬಲ.

ಆ ಹಿತ್ತಲಿನ ಕಸ ತೆಗೆಯಲು ಅವರ ಬಳಿ ಒಂದು ಜಪಾನಿ ಕುಡುಗೋಲಿತ್ತು. ಭತ್ತದ ಕೆಲಸ ಕಲಿಸಲು ಹಿಂದೆ ಯಾವಾಗಲೋ ಜಪಾನಿನಿಂದ ಬಂದಿದ್ದ ತಜ್ಞರೊಬ್ಬರು ಹೋಗುವಾಗ ಕೊಟ್ಟು ಹೋದದ್ದು. ಗೇಣುದ್ದದ ತೆಳು ಅಲಗು, ಕಟ್ಟಿಗೆಯ ಹಿಡಿಕೆ. ನಮ್ಮ ಕುಡುಗೋಲಿನಷ್ಟು ಬಾಗಿರಲಿಲ್ಲ, ಹಿಡಿಕೆಗೆ ಅಡ್ಡವಾಗಿ ನಿಂತಿತ್ತು. ಮಾವ ದಿನಾ ಬೆಳಿಗ್ಗೆ ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅಲಗನ್ನು ನೆಲಕ್ಕೆ ಮಲಗಿಸಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಅದು ಮಣ್ಣಿನೊಳಗೆ ಸರ್ರನೆ ಜಾರಿ ಕಸವನ್ನು ಬೇರಿನಲ್ಲೇ ಕತ್ತರಿಸಿಕೊಂಡು ಬರುತ್ತಿತ್ತು. ಕೆಲಸವಾದ ಮೇಲೆ ತೊಳೆದು, ಒರೆಸಿ, ಎಣ್ಣೆ ಸವರಿ ಬಚ್ಚಲಮನೆಯ ಗೂಟಕ್ಕೆ ತೂಗುಹಾಕುವರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಯಾರೂ ಎಂದರೆ ಮುಖ್ಯವಾಗಿ ಅಮರಪ್ಪ ಕಾಕಾ. ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು, ನಮ್ಮದೇ ಓಣಿ, ಮಾವನ ಬಾಲ್ಯದ ಗೆಳೆಯ. ಸಂಜೆ ಇಬ್ಬರೂ ಕೂಡಿಯೇ ಕೆರೆಯ ಕಡೆ ತಿರುಗಾಡಲು ಹೋಗುವವರು, ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುವವರು. ಬಂದಾಗಲೆಲ್ಲ ಆ ಕುಡುಗೋಲನ್ನು ನೋಡಿ, ಒಂದು ದಿನ ಇದನ್ನು ಕದ್ದುಕೊಂಡು ಹೋಗುತ್ತೇನೆ ನೋಡು ಎಂದು ಮಾವನನ್ನು ಕೆಣಕುವುದು ಅವರ ರೂಢಿಯಾಗಿತ್ತು. ಕೈ ಮುರಿಯುತ್ತೇನೆ ಎಂದು ಮಾವ ಅನ್ನುವರು. ಆಮೇಲೆ ಚಹಾ.

ಇನ್ನು ನನ್ನ ಬುದ್ಧಿಯ ಕಥೆ. ನಾನು ಜೋಳದ ಹೊಲದಲ್ಲಿ ಬೆಳೆದವಳು. ನಮ್ಮ ಕಡೆ ಕುಡುಗೋಲು ಅಂದರೆ ಅದಕ್ಕೆ ಹಲ್ಲಿರಬೇಕು — ಅಲಗಿನ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಕಚ್ಚು. ಕೊಯ್ದು ಕೊಯ್ದು ಹಲ್ಲು ಸವೆಯುತ್ತದೆ. ಸುಗ್ಗಿಗೆ ಮೊದಲು ಊರಿನ ಕುಡುಗೋಲುಗಳೆಲ್ಲ ಕಂಬಾರನ ಹತ್ತಿರ ಹೋಗಿ ಹೊಸ ಹಲ್ಲು ಹಾಕಿಸಿಕೊಂಡು ಬರುತ್ತವೆ. ಹಲ್ಲಿಲ್ಲದ ಕುಡುಗೋಲನ್ನು ಮನೆಯಲ್ಲಿ ತೂಗುಹಾಕಿದರೆ ನೋಡಿದವರು ಆ ಮನೆಯ ಹೆಣ್ಣುಮಕ್ಕಳನ್ನು ಆಡಿಕೊಳ್ಳುತ್ತಾರೆ. ಮಾವನ ಕುಡುಗೋಲೋ, ಬೋಳುಬೋಳು. ಪಾಪ, ಮುದುಕರು, ಹೆಂಡತಿ ಇಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲದೆ ಸವೆದ ಕುಡುಗೋಲಿನಲ್ಲೇ ದಿನ ದೂಡುತ್ತಿದ್ದಾರೆ ಎಂದು ನನಗೆ ಮರುಕ ಹುಟ್ಟಿತು. ನಿಜ ಹೇಳಬೇಕೆಂದರೆ ಮರುಕಕ್ಕಿಂತ ಹೆಚ್ಚಾಗಿ ಹೊಗಳಿಸಿಕೊಳ್ಳುವ ಆಸೆ. ಹೊಸ ಸೊಸೆ, ಹಳ್ಳಿಯವಳು. ಏನಾದರೂ ಒಂದು ಕೆಲಸದಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕಿತ್ತು...

ಮಾವ ನೆಂಟರ ಮದುವೆಗೆಂದು ದೇವದುರ್ಗಕ್ಕೆ ಹೋದರು. ಅವರ ಬಸ್ಸು ಊರು ದಾಟಿತ್ತೋ ಇಲ್ಲವೋ, ನಾನು ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಜ್ ಮಾರುಕಟ್ಟೆಯ ಹತ್ತಿರದ ಕಂಬಾರನ ಬಳಿ ಹೋದೆ. ಅವನೂ ನನ್ನಂಥವನೇ. ತಿರುಗಿಸಿ ನೋಡಿ, ಎಷ್ಟು ಕಾಲದಿಂದ ಬಿಟ್ಟಿದ್ದೀರಿ ಇದನ್ನು ಎಂದು ನನ್ನನ್ನೇ ಗದರಿದ. ನನಗೆ ಹೆಮ್ಮೆ. ಕೂತು ಚೆಂದವಾಗಿ, ಒತ್ತೊತ್ತಾಗಿ, ತುದಿಯವರೆಗೆ ಹಲ್ಲು ಹಾಕಿಕೊಟ್ಟ.

ಮನೆಗೆ ಬಂದವಳೇ ಹಿತ್ತಲಿನಲ್ಲಿ ಮಾವನ ಹಾಗೆ ಮಣೆ ಹಾಕಿಕೊಂಡು ಕೂತು, ಅಲಗನ್ನು ನೆಲಕ್ಕೆ ಮಲಗಿಸಿ ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಜೇಕು ಹುಲ್ಲಿನ ಬೇರು ಹಲ್ಲಿಗೆ ಸಿಕ್ಕಿಕೊಂಡು, ಹೆಂಟೆ ಎದ್ದು, ಅದರ ಜೊತೆಗೆ ಒಂದು ಮಲ್ಲಿಗೆ ಗಿಡವೂ ಮೇಲೆದ್ದು ನನ್ನ ಮಡಿಲಿಗೇ ಬಂತು. ಆಗ ತಿಳಿಯಿತು — ಆ ಕುಡುಗೋಲು ಬೋಳಾಗಿದ್ದದ್ದು ಸವೆದು ಅಲ್ಲ, ಅದು ಹುಟ್ಟಿದ್ದೇ ಹಾಗೆ, ಮಣ್ಣಿನೊಳಗೆ ಜಾರಲೆಂದೇ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ ತಿಕ್ಕಿ ಹಲ್ಲು ಅಳಿಸಲು ನೋಡಿದೆ. ಅಲಗು ಕಿರಿದಾಯಿತು, ನನ್ನ ಅಂಗೈ ಸಿಪ್ಪೆ ಎದ್ದಿತು, ಹಲ್ಲು ಮಾತ್ರ ಹಾಗೇ ಕಿಸಿಯುತ್ತಿತ್ತು. ಕೊನೆಗೆ ಗಿಡವನ್ನು ಮತ್ತೆ ಹಚ್ಚಿ, ಕುಡುಗೋಲನ್ನು ಜೋಳದ ಚೀಲದೊಳಗೆ ತುರುಕಿದೆ.

ಅಲ್ಲಿಗೂ ಅದು ತಪ್ಪಷ್ಟೇ. ಮಾವ ಬಂದಾಗ ಹೇಳಿದ್ದರೆ ಒಂದು ದಿನ ಬೈದು, ಮರುದಿನ ಓಣಿಗೆಲ್ಲ ಹೇಳಿ ನಗುತ್ತಿದ್ದರು. ಅವರು ಅಂಥವರೇ. ಹೇಳಲೆಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವರು ಬಂದು ಕಾಲು ತೊಳೆಯಲು ಬಚ್ಚಲಿಗೆ ಹೋದವರು, ಬರಿಗೂಟ ನೋಡಿ, ಅಲ್ಲಿಂದಲೇ ಕೇಳಿದರು.

“ಪಾರವ್ವಾ, ನನ್ನ ಕುಡುಗೋಲು ಎಲ್ಲ್ಯದ?”

“ಅಮರಪ್ಪ ಕಾಕಾರು ಬಂದಿದ್ರು, ಯಪ್ಪಾ,” ಎಂದೆ.

ಬಂದದ್ದು ನಿಜ. ಪತ್ರಿಕೆ ಕೊಟ್ಟು, ನೀರು ಕುಡಿದು ಹೋಗಿದ್ದರು. ನಾನು ಅವರು ಒಯ್ದರು ಎಂದು ಹೇಳಲಿಲ್ಲ — ಇದನ್ನೇ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ! ಸುಳ್ಳು ಹೇಳದೆ ಸುಳ್ಳು ಹೇಳಿದ ಜಾಣೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಮಾಡಿದ್ದು ಅದೇ.

ಮಾವ ಮೊದಲು ನಗುತ್ತಲೇ ಕಾಕಾನ ಮನೆಗೆ ಹೋದರು. ನನ್ನ ಕುಡುಗೋಲು ಒಯ್ದಿದ್ದೀಯಂತೆ, ಕೊಡು ಎಂದರಂತೆ. ಕಾಕಾ ಇದು ಎಂದಿನ ಚೇಷ್ಟೆ ಎಂದುಕೊಂಡು, ಹೂಂ, ಒಯ್ದೀನಿ, ಏನು ಮಾಡ್ತಿ ಎಂದರಂತೆ. ಆಮೇಲೆ ಕೊಡು ಎಂದು ಇವರು, ಎಲ್ಲಿಯದು ಕೊಡಲಿ ಎಂದು ಅವರು — ನಗು ಎಲ್ಲಿ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಮಾವ ತಿರುಗಿ ಬಂದಾಗ ಮುಖ ಕೆಂಪಗಿತ್ತು. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. ನಾನು ಜೋಳದ ಚೀಲದ ಕಡೆ ನೋಡದೆ ರೊಟ್ಟಿ ಬಡಿದೆ.

ಮಾತು ಬಿಟ್ಟರು. ಮಾತು ಬಿಟ್ಟರೂ ತಿರುಗಾಟ ಬಿಡಬೇಕಲ್ಲ? ಒಬ್ಬರು ಎಡಗಡೆಯಿಂದ, ಇನ್ನೊಬ್ಬರು ಬಲಗಡೆಯಿಂದ ಕೆರೆ ಸುತ್ತತೊಡಗಿದರು. ಇದರಿಂದಾಗಿ ಪ್ರತಿ ಸುತ್ತಿಗೂ ಎದುರುಬದುರಾಗಿ ಸಿಕ್ಕು ಮುಖ ತಿರುಗಿಸುವ ಕಷ್ಟ. ಒಬ್ಬರೂ ದಿಕ್ಕು ಬದಲಿಸಲಿಲ್ಲ. ಕಾಕಾ ಹಟಕ್ಕೆ ಬಿದ್ದು ತಾವೂ ಮನೆಯ ಮುಂದೆ ಹೂವಿನ ಮಡಿ ಮಾಡಿ, ಬರಿಗೈಯಲ್ಲಿ ಕಸ ಕಿತ್ತು ಓಣಿಗೆ ಕಾಣುವಂತೆ ಗುಡ್ಡೆ ಹಾಕಿದರು. ಮಾವ ನನ್ನನ್ನು ಕಳಿಸಿ ಆ ಗುಡ್ಡೆಯಿಂದ ಒಂದು ಹಿಡಿ ಕಸ ತರಿಸಿ, ಕನ್ನಡಕ ಹಾಕಿಕೊಂಡು, ಬೇರು ಕತ್ತರಿಸಿದೆಯೋ ಕಿತ್ತದ್ದೋ ಎಂದು ಪರೀಕ್ಷೆ ಮಾಡಿದರು. ಬೇರೆಲ್ಲ ಇಡಿಯಾಗಿಯೇ ಇತ್ತು. ಇನ್ನಾದರೂ ಸಂಶಯ ಹೋದೀತು ಎಂದು ನಾನು ಉಸಿರು ಬಿಟ್ಟರೆ, ಕಳ್ಳ ಬಹಳ ಶಾಣ್ಯಾ ಇದ್ದಾನೆ, ಬೇಕೆಂದೇ ಅದನ್ನು ಹೊರಗೆ ತೆಗೆಯುತ್ತಿಲ್ಲ ಎಂದು ತೀರ್ಪು ಕೊಟ್ಟರು.

ಆ ವರ್ಷ ಪಂಚಮಿಗೆ ತವರಿಗೆ ಹೋದಾಗ ಕುಡುಗೋಲನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೋಗಿ ಅವ್ವನಿಗೆ ಕೊಟ್ಟೆ. ಎಲ್ಲಿಯದು ಎಂದು ಅವಳು ಕೇಳಲಿಲ್ಲ, ಹಲ್ಲು ಮಾತ್ರ ಬಹಳ ಚೆಂದ ಹಾಕಿದ್ದಾನೆ ಎಂದು ಮೆಚ್ಚಿದಳು. ಜಪಾನಿನ ಕುಡುಗೋಲು ಮಸರಕಲ್ಲಿನ ಹೊಲದಲ್ಲಿ ಜೋಳ ಕೊಯ್ದು, ಸವೆದು, ಮುರಿದು ಮಣ್ಣುಪಾಲಾಯಿತು. ನಾನು ಪಾರಾದೆ ಎಂದುಕೊಂಡೆ.

ಕೆಲವು ವರ್ಷ ಹೀಗೇ ಕಳೆದವು. ಕಾಕಾನ ಒಬ್ಬಳೇ ಮಗಳು ಗಿರಿಜಾಳಿಗೆ ಮಾನ್ವಿಯಲ್ಲಿ ಗಂಡು ಗೊತ್ತಾಯಿತು. ಒಂದು ಮಧ್ಯಾಹ್ನ ಕಾಕಾ ತಾವೇ ಲಗ್ನಪತ್ರಿಕೆ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬಂದು ನಿಂತರು. ಮಾವ ಬಾ ಅನ್ನಲಿಲ್ಲ. ನಾನು ಒಳಗೆ ಓಡಿ ಚಹಾಕ್ಕಿಟ್ಟೆ. ಕಪ್ಪು ಹಿಡಿದು ಬಾಗಿಲಿಗೆ ಬರುವಾಗ ಮಾವ ಹೇಳುತ್ತಿದ್ದರು — ಮೊದಲು ಕುಡುಗೋಲಿನ ಮಾತು ಮುಗಿಸು, ಆಮೇಲೆ ಪತ್ರಿಕೆ ಕೊಡು.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆದೂ ಇದ್ದೆ, ಖರೆ ಹೇಳುತ್ತೇನೆ, ತೆರೆದಿದ್ದೆ... ಅಷ್ಟರಲ್ಲಿ ಕಾಕಾ ಮಾತಾಡಿದರು.

“ಆತಪಾ ಶರಣಪ್ಪ. ನಾನ ಒಯ್ದಿದ್ದೆ. ಎಲ್ಲೋ ಕಳೀತು, ತಪ್ಪಾತು. ಈಗರ ಮದಿವಿಗೆ ಬರ್ತಿಯಿಲ್ಲೋ?”

ಮಾವ ಎದ್ದು ಬಂದು ಅವರನ್ನು ತಬ್ಬಿಕೊಂಡರು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತೇನೋ ಎಂದು ಬೆನ್ನಿಗೆ ಗುದ್ದಿದರು. ಇಬ್ಬರೂ ಅತ್ತರು, ನಕ್ಕರು, ಮೂಗು ಒರೆಸಿಕೊಂಡರು. ಗೆಳೆಯ ಬೇಕೋ ಮರ್ಯಾದೆ ಬೇಕೋ ಎಂದು ಕೇಳಿದರೆ ಮರ್ಯಾದೆಯನ್ನು ತೆಗೆದು ಕೊಟ್ಟುಬಿಡುವ ಮನುಷ್ಯ ನನ್ನೆದುರಿಗೆ ನಿಂತಿದ್ದರು. ಅದು ನನ್ನಿಂದಾಗಿ ಕೊಡಬೇಕಾಗಿ ಬಂದ ಮರ್ಯಾದೆ. ನಾನೇನು ಮಾಡಿದೆ ಗೊತ್ತೆ? ಒಳಗೆ ಹೋಗಿ ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಬಂದೆ. ನನ್ನ ಪ್ರಾಯಶ್ಚಿತ್ತ ಅಷ್ಟೇ.

ಮಾನ್ವಿಯ ಮದುವೆಯಲ್ಲಿ ಮಾವನದೇ ಯಜಮಾನಿಕೆ. ಬೀಗರ ಪಂಕ್ತಿಯಲ್ಲಿ ನಿಂತು, ಹುಷಾರು, ನಿಮ್ಮ ಬೀಗ ಕುಡುಗೋಲು ಕಳ್ಳ ಎಂದು ಕಾಕಾನನ್ನು ತೋರಿಸಿ ಎಲ್ಲರನ್ನೂ ನಗಿಸಿದರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು. ಮುಂದೆ ಹೆಂಡತಿ ತೀರಿಕೊಂಡ ಮೇಲೆ ಅವರು ಮಾನ್ವಿಗೇ ಹೋಗಿ ಮಗಳ ಮನೆಯಲ್ಲಿ ನೆಲೆಸಿದಾಗ ಆ ಹೆಸರು ಅವರಿಗಿಂತ ಮೊದಲೇ ಅಲ್ಲಿ ಮನೆ ಮಾಡಿತ್ತು. ಎರಡು ವರ್ಷದ ಹಿಂದೆ ಮಾವ ಹೋದರು, ಕೊನೆಗಾಲದಲ್ಲಿ ಕಾಕಾ ಬಂದು ಹಾಸಿಗೆಯ ಪಕ್ಕದಲ್ಲೇ ಕೂತಿದ್ದರು. ಎಲ್ಲ ಸುಖವಾಗಿಯೇ ಮುಗಿಯಿತಲ್ಲ, ಇನ್ನು ಕೆದಕುವುದೇಕೆ ಎಂದು ನಾನು ನೆಮ್ಮದಿಯಾಗಿದ್ದೆ. ಬಹಳ ನೆಮ್ಮದಿಯಾಗಿದ್ದೆ.

ಮೊನ್ನೆ ಕಾಕಾನನ್ನು ನೋಡಿಕೊಂಡು ಬರಲು ಮಾನ್ವಿಗೆ ಹೋದೆ. ನಗುನಗುತ್ತ ಮಾತಾಡುತ್ತಿದ್ದೆವು. ಗಿರಿಜಾಳ ಮಗಳು ಸುಮಾ ಶಾಲೆಯಿಂದ ಬಂದಳು. ಎರಡನೆಯ ತರಗತಿಯ ಹುಡುಗಿ. ಕಣ್ಣು ಬಾತಿತ್ತು. ತರಗತಿಯಲ್ಲಿ ಯಾರದೋ ಕಂಪಾಸ್ ಪೆಟ್ಟಿಗೆ ಕಳೆದಿತ್ತಂತೆ. ಇವಳ ತಾತ ಕುಡುಗೋಲು ಕಳ್ಳ, ಇವಳ ಚೀಲ ಮೊದಲು ನೋಡ್ರಿ ಎಂದು ಉಳಿದ ಮಕ್ಕಳು ಅಂದರಂತೆ. ಚೀಲ ಕೊಡವಿ ನೋಡಿದರಂತೆ. ಪೆಟ್ಟಿಗೆ ಬೇರೆಲ್ಲೋ ಸಿಕ್ಕಿತಂತೆ. ಹುಡುಗಿ ತಾತನೆದುರು ನಿಂತು, ನೀ ಖರೇನ ಕದ್ದಿದ್ದೇನು ಎಂದು ಕೇಳಿದಳು.

ಆ ಮನೆಯಲ್ಲಿ ಅದು ನಗುವ ಮಾತಾಗಿತ್ತು. ಕಾಕಾ ನಗಲಿಲ್ಲ. ಈಗ ಇಲ್ಲ ಅಂದರೆ ಸತ್ತ ಗೆಳೆಯ ಸುಳ್ಳು ಆಪಾದನೆ ಹೊರಿಸಿದವನಾಗುತ್ತಾನೆ — ಅದಕ್ಕೂ ಅವರು ಒಪ್ಪಲಿಲ್ಲ ಎಂದು ನನಗೆ ಅವರ ಮುಖ ನೋಡಿಯೇ ತಿಳಿಯಿತು. ಹುಡುಗಿಯ ತಲೆ ಸವರಿದರು.

“ಹೂಂ ಯವ್ವಾ. ಆಗ ನನಗ ಬುದ್ಧಿ ಇರಲಿಲ್ಲ.”

ಸುಮಾ ಅವರ ಕೈಯನ್ನು ಮೆಲ್ಲಗೆ ತಲೆಯಿಂದ ಸರಿಸಿ ಒಳಗೆ ಹೋದಳು. ನಾನು ಅಲ್ಲೇ ಕೂತಿದ್ದೆ. ಬಾಯಿ ಇತ್ತು, ನಾಲಿಗೆ ಇತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಅಂದು ಹೊಸಬಳು, ಹೆದರಿದೆ ಅನ್ನಬಹುದು. ಮದುವೆಯ ಹೊತ್ತಿಗೆ, ಕೂಡಿದ ಗೆಳೆಯರನ್ನು ಮತ್ತೆ ಏಕೆ ಕದಡುವುದು ಅನ್ನಬಹುದು. ಮೊನ್ನೆಯದಕ್ಕೆ ಏನೂ ಅನ್ನಲು ಬರುವುದಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಒಂದು ಮಗು ತನ್ನ ತಾತನ ಕೈಯನ್ನು ತಲೆಯಿಂದ ಸರಿಸುವುದನ್ನು ನೋಡುತ್ತ ಕೂತೆ.

ನಾಳೆ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೊರಟಿದ್ದೇನೆ. ಕಾಕಾ ತಡೆದಾರು, ಬೇಡವ್ವಾ, ಹೋಗಲಿ ಬಿಡು ಎಂದಾರು. ಅವರ ಹತ್ತಿರ ಕ್ಷಮೆ ಆಮೇಲೆ ಕೇಳುತ್ತೇನೆ, ಕೊಟ್ಟರೆ ಕೊಡಲಿ. ಮೊದಲು ಹೋಗುವುದು ಶಾಲೆಗೆ. ಮೇಡಂ ಅವರನ್ನು ಕೇಳಿಕೊಂಡು, ಆ ಚೀಲ ಕೊಡವಿದ ಮಕ್ಕಳೆಲ್ಲರ ಎದುರಿಗೆ ಸುಮಾಳಿಗೆ ಹೇಳುತ್ತೇನೆ — ನಿಮ್ಮ ತಾತ ಏನೂ ಕದ್ದಿಲ್ಲವ್ವಾ, ಒಯ್ದಾಕಿ ನಾನು.