ತಂಬಿಗೆ ತಣ್ಣಗಾದ ದಿನ

ಮೊನ್ನೆ ಮೊಮ್ಮಗ ಅಂಗಳದಲ್ಲಿ ಕೂತು ತನ್ನ ಸ್ಕೂಟರಿನ ಹಳೆಯ ಗೇರ್ ಆಯಿಲ್ ಇಳಿಸುತ್ತಿದ್ದ. ಅವನ ಹೆಂಡತಿ ವೀಣಾ "ಎಂತಾ ವಾಸನೆಯಪ್ಪಾ ಇದು!" ಎಂದು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಮಾತ್ರ ಜಗಲಿಯ ಅಂಚಿಗೆ ಸರಿದು ಕೂತು ಮತ್ತೊಮ್ಮೆ ಮೂಸಿದೆ. ನಗಬೇಡಿ. ಕೆಲವರಿಗೆ ಮಲ್ಲಿಗೆ, ಕೆಲವರಿಗೆ ಸುರಗಿ. ನನ್ನ ಸಂಸಾರದ ಮೊದಲ ವರ್ಷಗಳಿಗೆ ಇದ್ದದ್ದು ಇದೇ ವಾಸನೆ, ನಾನೇನು ಮಾಡಲಿ?

ಇವರು ಆಗ ರಸ್ತೆಯ ಓವರ್ಸಿಯರ್. ಗಂಡನ ಹೆಸರು ಹೇಳುವ ರೂಢಿ ನಮ್ಮ ಕಾಲದವರಿಗಿಲ್ಲ, ಇವರು ಎಂದರೆ ಇವರೇ. ಮೂವತ್ತರ ದಶಕದ ಮಾತು, ಇನ್ನೂ ಬ್ರಿಟಿಷರ ಕಾಲ. ಮನೆ ಅಂಕೋಲೆಯಲ್ಲಿ, ಕೆಲಸ ಒಂದು ಕಡೆ ಸುಂಕಸಾಳದವರೆಗೆ, ಇನ್ನೊಂದು ಕಡೆ ಕಾರವಾರದವರೆಗೆ. ತಿಂಗಳಲ್ಲಿ ಮುಕ್ಕಾಲು ಪಾಲು ಫಿರತಿ, ಊರೂರು ತಿರುಗಾಟ. ಸೈಕಲ್ ತುಳಿದು ತುಳಿದು ಬೇಸತ್ತು, ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬನಿಂದ ಒಂದು ಫಟ್‌ಫಟಿ ಕೊಂಡು ತಂದರು. ಬೇರೆ ಫಟ್‌ಫಟಿಗಳಿಗೆ ಸೈಕಲ್ಲಿನ ಹಾಗೆ ಸರಪಳಿ ಇರುತ್ತದೆ, ಇದಕ್ಕೆ ಇರಲಿಲ್ಲ. ಇಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಒಂದು ಉಕ್ಕಿನ ದಂಡ. ದಂಡ ತಿರುಗಿದರೆ ಚಕ್ರ ತಿರುಗುತ್ತದೆ. ಅವೆರಡೂ ಕೂಡುವಲ್ಲಿ ಗುಂಡನೆಯ ಒಂದು ಡಬ್ಬಿ, ಅದರೊಳಗೆ ಹಲ್ಲಿನ ಗಾಲಿಗಳು, ಅವು ಸವೆಯದಂತೆ ಎಣ್ಣೆ. ಮದುವೆಯಾದ ಹೊಸತರಲ್ಲೇ ಇವರು ಇದನ್ನೆಲ್ಲ ನನಗೆ ಬಗ್ಗಿ ತೋರಿಸಿ ವಿವರಿಸಿದ್ದರು. ಬೇರೆ ಗಂಡಂದಿರು ಹೊಸ ಹೆಂಡತಿಯ ಹತ್ತಿರ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ.

ತಂಬಿಗೆಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತಿದ್ದ ಆ ಡಬ್ಬಿಗೆ ಮನೆಯಲ್ಲಿ 'ತಂಬಿಗೆ' ಎಂದೇ ಹೆಸರಾಯಿತು. ದೂರ ಹೋಗಿ ಬಂದಾಗ ಅದು ಬಿಸಿಯಾಗಿರುತ್ತಿತ್ತು. ಅತ್ತೆ ಅಂಗಳಕ್ಕಿಳಿದು, ಮಗನ ಮುಖ ನೋಡುವ ಮೊದಲು ತಂಬಿಗೆಯ ಮೇಲೆ ಅಂಗೈ ಇಡುವರು. ಇಟ್ಟ ಕೈಯನ್ನು ಕೊಡವಿಕೊಂಡು, "ಅಯ್ಯಯ್ಯ, ಕೆಂಡ! ಇದರ ಮೇಲೆ ಕೂತ್ಕಂಡು ಹೋಗೂಕೆ ನಿಂಗೆ ಮನಸಾದ್ರೂ ಹೆಂಗೆ ಬರ್ತದೋ ತಮ್ಮಾ?" ಎನ್ನುವರು. ಇವರು ಟೊಪ್ಪಿಗೆ ತೆಗೆಯುತ್ತ, "ಆಯಿ, ಅದರ ಮೇಲೆ ಯಾರೂ ಕೂತ್ಕಣೂದಿಲ್ಲ. ಸೀಟು ಬೇರೆ ಅದೆ" ಎಂದರೆ, ಆ ಉತ್ತರ ಅತ್ತೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಇದು ತಾಯಿ ಮಗನ ಜಗಳವಾಗಿದ್ದರೆ ನಾನು ಬಾಗಿಲ ಹಿಂದೆ ನಿಂತು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅಷ್ಟರಲ್ಲಿ ನನ್ನ ತವರಿನಿಂದ ಅಣ್ಣ ಬಂದು ಹೋದ. ತವರು ಚಿತ್ತಾಕುಲ, ಕಾಳಿ ನದಿಯ ಆಚೆ ದಡ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿಗೆ ಚಾಕು ಮುಟ್ಟಿಸುವುದಿಲ್ಲ ಎಂದು ಅವನ ಹಟ. "ಪೂರಾ ಕತ್ತಲಾಗೂದ್ರೊಳಗೆ ಮಗಳ ಮುಖ ಒಂದ್ಸಲ ನೋಡ್ಬೇಕು ಅಂತ ದಿನಾ ಹೇಳ್ತ ಮಾರಾಯ್ತಿ" ಎಂದು ಅಣ್ಣ ಕಣ್ಣೊರೆಸಿಕೊಂಡ. ಆಮೇಲೆ ನನಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಒಬ್ಬಳೇ ಹೋಗುವ ಕಾಲವಲ್ಲ. ಇವರಿಗೆ ಬಿಡುವು ಭಾನುವಾರ ಮಾತ್ರ. ಒಂದೇ ದಿನದಲ್ಲಿ ಹೋಗಿ ಬರಬೇಕೆಂದರೆ ಎತ್ತಿನ ಗಾಡಿಯೂ ಆಗದು, ಸರ್ವಿಸ್ ಮೋಟಾರೂ ಆಗದು. ಫಟ್‌ಫಟಿಯೊಂದೇ ದಾರಿ.

ಅತ್ತೆಯನ್ನು ಕೇಳಿದೆ. ಅವರು ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡರು. "ನೋಡು ತಂಗೀ, ನಾ ಚೊಚ್ಚಲ ಬಸುರಿ ಇದ್ದಾಗ ಸಮುದ್ರದ ಮೇಲೆ ಆಗಬೋಟಲ್ಲಿ ಬಂದಿದ್ದೆ. ಗಾಳಿ ಥಂಡಿ ಅಂತ ಇಂಜಿನ್ ಕೋಣೆ ಮೇಲಿನ ಹಲಗೆ ಮೇಲೆ ಕೂತಿದ್ದೆ. ಬೆಚ್ಚಗೆ ಹಿತ ಆಗಿತ್ತು. ಮನೆಗೆ ಬಂದ ಮೇಲೆ ಆ ಕೂಸು ಉಳೀಲಿಲ್ಲ. ಉಷ್ಣ ಅಂದ್ರೆ ಎಂತದು ಅಂತ ನಂಗೊತ್ತದೆ. ನಾಳೆ ನಿಂಗೂ ಕೂಸಾಗ್ಬೇಕು. ಆ ತಂಬಿಗೆ ನನ್ನ ಕೈ ಸುಡದ ದಿನ ನೀ ಕೂತ್ಕಂಡು ಹೋಗು, ನಾ ಬೇಡ ಅನ್ನೂದಿಲ್ಲ." ಇದಕ್ಕೆ ಏನು ಹೇಳುತ್ತೀರಿ? ಸಿಟ್ಟು ಬಂದಿದ್ದರೆ ಜಗಳವಾಡಬಹುದಿತ್ತು. ನನಗೆ ಅಳು ಬಂತು.

ಸರಿ, ತಂಬಿಗೆಯನ್ನು ತಣ್ಣಗೆ ಮಾಡುವ ಉದ್ಯೋಗ ಶುರುವಾಯಿತು. ಉಷ್ಣವಾದರೆ ನಾವು ಮಾಡುವುದೇನು? ನೆತ್ತಿಗೆ ಎಣ್ಣೆ ತಟ್ಟುವುದು. ಇವರು ಇಂಗ್ಲಿಷು ಕಲಿತ ಓವರ್ಸಿಯರ್ ಆದರೇನಾಯಿತು, ಹುಟ್ಟಿದ್ದು ಅಂಕೋಲೆಯಲ್ಲಿ ತಾನೇ! ಮಶೀನಿಗೂ ಅದೇ ಮದ್ದು ಎಂದು ತೀರ್ಮಾನಿಸಿದರು. ತಂಬಿಗೆಯ ಪಕ್ಕದಲ್ಲಿ ಎಣ್ಣೆ ಹೊಯ್ಯುವ ತೂತು, ಅದಕ್ಕೊಂದು ತಿರುಪು. ಗಾಡಿ ನೆಟ್ಟಗೆ ನಿಂತಿದ್ದರೆ ಎಣ್ಣೆ ತೂತಿನ ಅಂಚಿಗೆ ಬಂದು ಹೊರಗೆ ಚೆಲ್ಲುತ್ತಿತ್ತು. ಅದಕ್ಕೆ ಇವರು ಗಾಡಿಯನ್ನೇ ತೆಂಗಿನ ಮರಕ್ಕೆ ವಾಲಿಸಿ, ತೂತು ಆಕಾಶ ನೋಡುವ ಹಾಗೆ ಮಾಡಿ, ಹಟ ಮಾಡುವ ಕೂಸಿಗೆ ಹರಳೆಣ್ಣೆ ಕುಡಿಸುವಂತೆ ಕಂಠಮಟ್ಟ ಕುಡಿಸಿ ತಿರುಪು ಬಿಗಿದರು. ಮಾರನೆಯ ಸಂಜೆ ಅತ್ತೆ ಕೈ ಇಟ್ಟವರು ಹಾರಿಬಿದ್ದರು. ಮೊದಲಿಗಿಂತ ಬಿಸಿ! "ಇನ್ನೂ ಸಾಕಾಗಿಲ್ಲ ಕಾಣ್ತದೆ" ಎಂದು ಇವರು ಇನ್ನಷ್ಟು ವಾಲಿಸಿ ಇನ್ನಷ್ಟು ಹೊಯ್ದರು. ನಾನೂ ಸುಮ್ಮನಿರಲಿಲ್ಲ. ಇವರು ಹೊರಡುವ ಮುಂಚೆ ಒದ್ದೆ ಬಾಳೆಪಟ್ಟೆ ಸುತ್ತಿ ಕಟ್ಟಿದೆ. ಸಂಜೆ ಬಿಚ್ಚಿದಾಗ ಪಟ್ಟೆ ಬೆಂದು ಪಲ್ಯದಂತಾಗಿತ್ತು. ಉಪ್ಪು ಖಾರ ಹಾಕುವುದೊಂದು ಬಾಕಿ.

ಒಂದು ಸೋಮವಾರ ಇವರು ಕಾರವಾರಕ್ಕೆ ಹೋಗಿ ಬಂದರು. ಅತ್ತೆ ಎಂದಿನಂತೆ ಬಗ್ಗಿ ಕೈ ಇಟ್ಟರು. ಇಟ್ಟ ಕೈ ಇಟ್ಟಲ್ಲೇ ಇತ್ತು. ಅಂಗೈ ತೆಗೆದು ಮುಂಗೈ ಇಟ್ಟು ನೋಡಿದರು. ಮತ್ತೆ ಅಂಗೈ. ನಾನು ಬಾಗಿಲು ಬಿಟ್ಟು ಅಂಗಳಕ್ಕಿಳಿದೆ.

"ಎಂತಾ ಮಾಡದ್ಯೋ ತಮ್ಮಾ?"

"ನಾ ಎಂತದೂ ಮಾಡಲಿಲ್ವೇ ಆಯಿ!"

ಇವರು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ತಿರುಪು ಬಿಚ್ಚಿದರು. ಎಣ್ಣೆ ಸರಿಯಾಗಿ ತೂತಿನ ಅಂಚಿಗಿತ್ತು, ಒಂದು ಹನಿ ಹೆಚ್ಚಿಲ್ಲ. ಹೊಯ್ದ ಎಣ್ಣೆಯೆಲ್ಲ ಎಲ್ಲಿಗೆ ಹೋಯಿತು ಎಂದು ಇವರು ತಲೆ ಕೆರೆದುಕೊಳ್ಳುವಾಗ ನನಗೆ ಥಟ್ಟನೆ ಹೊಳೆಯಿತು: ಬೆಳಗಿನಿಂದ ನಮ್ಮ ಬಾವಿಯ ರಾಟೆ ಕಿರುಗುಟ್ಟಿಲ್ಲ! ಊರಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ರಾಟೆ ಅದು. ನಾನು ರಾಟೆಯನ್ನು ನೋಡಿದೆ, ಆಮೇಲೆ ಅತ್ತೆಯನ್ನು ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಂಡರು.

"ಎಂತಕೆ ಹಂಗೆ ನೋಡ್ತೆ? ಆ ಭೂತಕ್ಕೆ ಅಷ್ಟೊಂದು ಎಣ್ಣೆ ಕುಡಿಸ್ತ, ಬಾವಿ ರಾಟೆಗೆ ಒಂದು ಹನಿ ಹಾಕೂಕೆ ಇವಂಗೆ ಪುರಸೊತ್ತಿಲ್ಲ. ನಿನ್ನೆ ಇವ ಮಲಗಿದ್ದಾಗ ತಿರುಪು ಸಡಿಲ ಮಾಡಿ ಒಂದು ಗಿಂಡಿ ಹಿಡ್ಕಂಡೆ. ತಾನಾಗೇ ಬಂತು, ತಾನಾಗೇ ನಿಂತ್ತು."

ಇವರು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ನಗಲು ಹತ್ತಿದರು. ಎಣ್ಣೆ ಅತಿಯಾದದ್ದೇ ರೋಗವಾಗಿತ್ತು. ಸಾಹೇಬನ ಕಾಲದಲ್ಲೇ ಹೆಚ್ಚಾಗಿದ್ದದ್ದನ್ನು ಇವರು ಇನ್ನೂ ಹೆಚ್ಚಿಸಿದ್ದರು. ಒಳಗೆ ಹಲ್ಲಿನ ಗಾಲಿಗಳು ತುಂಬಿದ ಎಣ್ಣೆಯನ್ನು ಕಡೆದು ಕಡೆದು ಕಾಯಿಸುತ್ತಿದ್ದವು. ನನ್ನನ್ನು ತಡೆದ ಅತ್ತೆಯೇ ತಮ್ಮ ಕೈಯಾರೆ ತಂಬಿಗೆಯನ್ನು ತಣ್ಣಗೆ ಮಾಡಿದ್ದರು. ಪಾಪ, ಅವರ ಮುಖ ನೋಡಬೇಕಿತ್ತು! ಆದರೂ ಮಾತಿಗೆ ತಪ್ಪುವ ಹೆಂಗಸಲ್ಲ. ಭಾನುವಾರ ಬೆಳಿಗ್ಗೆ ತಾವೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಿಂದಿನ ಸೀಟಿಗೆ ಕಟ್ಟಿ, "ನಡುನಡುವೆ ಇಳಿದು ಕೈ ಇಟ್ಟು ನೋಡ್ಬೇಕು, ತಿಳೀತಾ?" ಎಂದು ಕಳಿಸಿಕೊಟ್ಟರು.

ಅವರ್ಸೆಯಲ್ಲಿ ಇಳಿದು ಕೈ ಇಟ್ಟೆ. ಬಿಣಗಾ ಘಟ್ಟ ಹತ್ತಿಳಿದ ಮೇಲೆ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಕಾಳಿ ನದಿಯಲ್ಲಿ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಫಟ್‌ಫಟಿಯನ್ನು ಹತ್ತಿಸಿದರು. ಗಾಳಿಗೆ ನನ್ನ ತಲೆಗೂದಲು ಕಾಗೆ ಗೂಡಾಗಿತ್ತು, ಆದರೆ ಅಂಥ ಖುಷಿ ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಅಪ್ಪ ಅಂಗಳಕ್ಕೆ ಬಂದ. "ಬಂದ್ಯಾ ತಂಗೀ?" ಎಂದವನು ಸೀದಾ ಫಟ್‌ಫಟಿಯ ಹತ್ತಿರ ಹೋದ. "ನಿನ್ನ ಮುಖ ಹೆಂಗೂ ಗೊತ್ತದೆ. ಈ ಭೂತ ಎಂತದು, ಮೊದ್ಲು ಅದನ್ನ ತೋರ್ಸು" ಎಂದು ದೀಪದಿಂದ ಚಕ್ರದವರೆಗೆ ಕೈಯಾಡಿಸಿದ. ನೆರೆದವರೆಲ್ಲ ನಕ್ಕರು, ನಾನೂ ನಕ್ಕೆ. ಊಟವಾಗಿ ಹೊರಡುವಾಗ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ತುಂಬ ಹೊತ್ತು ನೋಡಿದ. "ದಪ್ಪ ಆಗಿದ್ಯಲೇ ತಂಗೀ! ನಿನ್ನ ಅತ್ತೆ ಚಲೋ ನೋಡ್ಕಂತದೆ" ಎಂದ.

ಆ ಮಳೆಗಾಲ ಜ್ವರ ಬಂದು ನಾನು ಕಡ್ಡಿಯಾಗಿದ್ದೆ. ಬಳೆ ಮೊಣಕೈಗೆ ಜಾರುತ್ತಿದ್ದವು. ಅಪ್ಪನಿಗೆ ಏನೂ ಕಾಣುತ್ತಿಲ್ಲ, ನಾನು ತಡಮಾಡಿ ಬಂದೆ ಎಂದು ಆಗ ಗೊತ್ತಾಯಿತು. ಜಂಗಲಿನ ಮೇಲೆ ಆಚೆ ಮುಖ ಮಾಡಿ ನಿಂತು ಅತ್ತುಬಿಟ್ಟೆ.

ಸಂಜೆ ಬೇಲಿಯ ದಣಪೆ ಬಾಗಿಲ ಹತ್ತಿರವೇ ಅತ್ತೆ ಕಾಯುತ್ತಿದ್ದರು. ತಂಬಿಗೆಯನ್ನು ಮುಟ್ಟಲೇ ಇಲ್ಲ. "ನಿನ್ನಪ್ಪ ನೋಡದ್ರಾ ನಿನ್ನ ಮುಖ?" ಎಂದರು. ಬೇಡ ಬೇಡ ಎಂದು ಅಷ್ಟು ದಿನ ತಡೆದದ್ದು ಅವರಿಗೂ ಚುಚ್ಚುತ್ತಿತ್ತೆಂದು ಕಾಣುತ್ತದೆ.

"ನೋಡ್ದ ಅತ್ತೆ. ದಪ್ಪ ಆಗಿದ್ಯಲೇ, ನಿನ್ನ ಅತ್ತೆ ಚಲೋ ನೋಡ್ಕಂತದೆ ಅಂದ."

ಅತ್ತೆಯ ಮುಖ ಅರಳಿತು. ವರ್ಷಗಟ್ಟಲೆ ಆ ಮಾತನ್ನು ಕೇರಿಯಲ್ಲಿ ಹೇಳಿಕೊಂಡು ತಿರುಗಿದರು. ಅವರು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ. ಒಳ್ಳೆಯದಕ್ಕೆ ಹೇಳಿದ ಸುಳ್ಳು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಇಷ್ಟು ನೆನೆಯುತ್ತ ಕೂತಿದ್ದೆನೇ, ವೀಣಾ ಚಹಾ ತಂದು ಎದುರಿಗೆ ನಿಂತಳು. ಈ ಚೌತಿಯಿಂದೀಚೆ ನನ್ನ ಕಣ್ಣಿಗೂ ಪೊರೆ. ಮುಂದಿನ ತಿಂಗಳು ಕಾರವಾರದ ಆಸ್ಪತ್ರೆಯಲ್ಲಿ ತೆಗೆಸುವುದೆಂದು ಮಾತಾಗಿದೆ. ಲೋಟಕ್ಕೆ ಕೈಚಾಚುತ್ತ ಅವಳ ಮುಖ ನೋಡಿದೆ. ಬೆಳಕೆಲ್ಲ ಹರಡಿಕೊಂಡು, ಅಂಚೆಲ್ಲ ಉಬ್ಬಿಕೊಂಡು, ಕೆನ್ನೆಗಳು ಕಡುಬಿನಂತೆ ಕಂಡವು.

"ದಪ್ಪ ಆಗಿದ್ಯಲೇ ವೀಣಾ!"

"ಎಂತಾ ಅಜ್ಜೀ! ನಾನಾ?" ಎಂದು ಅವಳು ಗಾಬರಿಯಾದಳು. ಅಂಗಳದಲ್ಲಿ ಮೊಮ್ಮಗ ಹೋ ಎಂದು ನಕ್ಕ. ಆ ಹುಡುಗಿ ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾಳೆ.

ನಾನು ಲೋಟವನ್ನು ಜಗಲಿಯ ಮೇಲಿಟ್ಟು ಕಣ್ಣುಜ್ಜಿಕೊಂಡೆ. ಅಯ್ಯೋ ಅಪ್ಪಾ! ಇಂಥ ಪೊರೆಯೊಳಗಿಂದಲೇ ನೀನು ನನ್ನನ್ನು ನೋಡಿದ್ದೆ. ಅತ್ತೆಗೆ ನಾನು ಸುಳ್ಳು ಹೇಳಿರಲೇ ಇಲ್ಲ.