ಹನೋಯ್‌ನಿಂದ ತಂದ ಪ್ಯಾನು

ಆಲ್ದೂರಿನಲ್ಲಿ ಬಸ್ಸಿಳಿದು ಬಾಳೆಹೊನ್ನೂರು ರಸ್ತೆಗೆ ತಿರುಗಿದರೆ ಎಡಗಡೆ ಓಂಕಾರಮೂರ್ತಿಯ ಪಾತ್ರೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಬೇಕಾದ ದೊಡ್ಡ ದಬರಿಗಳಿಂದ ಹಿಡಿದು ಮದುವೆಗೆ ಉಡುಗೊರೆ ಕೊಡುವ ಕುಕ್ಕರ್‌ವರೆಗೆ ಮೂವತ್ತೊಂದು ವರ್ಷದಿಂದ ಅಲ್ಲಿ ಮಾರುತ್ತಿದ್ದಾನೆ. ವಯಸ್ಸು ಐವತ್ತೆಂಟು. ಮಕ್ಕಳಿಲ್ಲ. ಹೆಂಡತಿ ರುದ್ರಾಣಿ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಗಿರಾಕಿಯೊಬ್ಬಳಿಗೆ ಇಡ್ಲಿ ಪಾತ್ರೆ ತೋರಿಸುತ್ತಿದ್ದವಳು, ತಲೆ ಸುತ್ತುತ್ತಿದೆ ಎಂದು ಕುರ್ಚಿಯಲ್ಲಿ ಕೂತಳು. ಚಿಕ್ಕಮಗಳೂರಿನ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಅಂದಿನಿಂದ ಮೂರ್ತಿಗೆ ಎರಡು ಹೊತ್ತೂ ಪಕ್ಕದ ಬೀದಿಯ ಮುದ್ದಮ್ಮನ ಮೆಸ್ಸಿನಲ್ಲೇ ಊಟ. ಮೇಲಿನ ಮನೆಯ ಅಡಿಗೆಮನೆಯಲ್ಲಿ ಅವನು ಕಾಫಿ ಬಿಟ್ಟರೆ ಬೇರೇನೂ ಮಾಡಿದವನಲ್ಲ. ಅಂಗಡಿಯಲ್ಲೂ ಏನೋ ಬದಲಾಗಿತ್ತು. ಮೊದಮೊದಲು ಹೆಂಗಸರು ಬಾಗಿಲಲ್ಲೇ ನಿಂತು "ಅಮ್ಮ ಇಲ್ವಾ?" ಎಂದು ಕೇಳುತ್ತಿದ್ದರು. ಸುದ್ದಿ ತಿಳಿದ ಮೇಲೆ ಕೇಳುವುದನ್ನು ಬಿಟ್ಟರು. ಬೇಕಾದದ್ದನ್ನು ಬೆರಳು ಮಾಡಿ ತೋರಿಸಿ, ತೆಗೆದುಕೊಂಡು, ಹೊರಟುಬಿಡುತ್ತಿದ್ದರು.

ಕುಕ್ಕರ್ ಕಂಪನಿಯವರು ಚೆನ್ನಾಗಿ ಮಾರಿದ ಡೀಲರುಗಳನ್ನು ವರ್ಷಕ್ಕೊಮ್ಮೆ ವಿದೇಶಕ್ಕೆ ಕರೆದೊಯ್ಯುತ್ತಾರೆ. ಈ ಸಲ ವಿಯೆಟ್ನಾಂ, ಐದು ದಿನ, ಗಂಡ ಹೆಂಡತಿ ಇಬ್ಬರಿಗೂ. ಕಂಪನಿಯ ಹುಡುಗಿ ಬೆಂಗಳೂರಿನಿಂದ ಫೋನು ಮಾಡಿದಳು.

"ಸರ್, ನಿಮ್ಮ ಜೊತೆ ಬರೋರ ಹೆಸರು ಹೇಳಿ."

"ಯಾರೂ ಇಲ್ಲಮ್ಮ."

"ಒಂದು ಸೀಟು ಸುಮ್ನೆ ಹೋಗುತ್ತಲ್ಲ ಸರ್. ಅಣ್ಣ, ತಮ್ಮ, ಯಾರಾದ್ರೂ?"

"ಒಬ್ನೇ ಬರ್ತೀನಿ" ಎಂದ ಮೂರ್ತಿ. ಫೋನಿಟ್ಟ ಮೇಲೆ, ಹೋಗುವುದೇ ಬೇಡ ಎನಿಸಿತು. ಆದರೆ ಮೂಡಿಗೆರೆಯ ಫಜಲುಲ್ಲಾ ಬಿಡಲಿಲ್ಲ. ಅವನದೂ ಪಾತ್ರೆ ಅಂಗಡಿ. ಒಂದೇ ಏಜೆನ್ಸಿಯ ಮಾಲು, ಇಪ್ಪತ್ತು ವರ್ಷದ ಸ್ನೇಹ.

"ಮನೇಲಿ ಕೂತು ಎಂತ ಮಾಡ್ತೀರಿ ಮಾರಾಯ್ರೆ? ನಾನೂ ಜಮೀಲಾನೂ ಹೊರಟಿದೀವಿ. ನಮ್ಮ ಜೊತೆ ಇರಿ, ಸಾಕು."

ಹಾಗೆ ಮೂರ್ತಿ ಹೊರಟ. ಆದರೆ ಅಲ್ಲಿ ಎಲ್ಲವೂ ಎರಡೆರಡು. ಬಸ್ಸಿನಲ್ಲಿ ಎರಡು ಸೀಟಿಗೊಂದು ಜೋಡಿ. ಅವನ ಪಕ್ಕದ ಸೀಟಿನಲ್ಲಿ ಗೈಡು ನೀರಿನ ಬಾಟಲಿಗಳ ಪೆಟ್ಟಿಗೆ ಇಟ್ಟಿದ್ದ. ಹೋಟೆಲಿನ ಕೋಣೆಯಲ್ಲಿ ಎರಡು ಜೊತೆ ಚಪ್ಪಲಿ, ಎರಡು ಲೋಟ, ಎರಡು ಹಲ್ಲುಜ್ಜುವ ಬ್ರಷ್. ದೋಣಿಯಲ್ಲಿ ಹೋಗಲಿ, ಕೆರೆಯ ದಂಡೆಗೆ ಹೋಗಲಿ, ಒಬ್ಬರಾದ ಮೇಲೊಬ್ಬರು ಫೋನು ಚಾಚಿ "ಮೂರ್ತಿಯವ್ರೇ, ನಮ್ದೊಂದು ತೆಗೀರಿ" ಎನ್ನುತ್ತಿದ್ದರು. ಅವನು ತೆಗೆದುಕೊಡುತ್ತಿದ್ದ. ಮೂರು ದಿನದಲ್ಲಿ ಜೊತೆಗೆ ಬಂದ ಡೀಲರುಗಳ ಹೆಂಡತಿಯರೆಲ್ಲ ಯಾವ ಕಡೆ ತಲೆ ವಾಲಿಸಿ ನಗುತ್ತಾರೆ ಎಂಬುದು ಅವನಿಗೆ ತಿಳಿದುಹೋಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಹನೋಯ್‌ನಲ್ಲಿ ಬಿಡುವು ಕೊಟ್ಟರು. ಎಲ್ಲರೂ ದೊಡ್ಡ ಮಾಲ್ ಕಡೆ ಹೊರಟರು. ಫಜಲುಲ್ಲಾನಿಗೆ ಹೊಟ್ಟೆ ಸರಿಯಿರಲಿಲ್ಲ, ಕೋಣೆಯಲ್ಲಿ ಮಲಗಿದ. ಅವನ ಹೆಂಡತಿ ಜಮೀಲುನ್ನೀಸಾ ಮೂರ್ತಿಯನ್ನು ಹುಡುಕಿಕೊಂಡು ಕೆಳಗೆ ಬಂದಳು.

"ಅಣ್ಣ, ನಂಗೆ ಬಟ್ಟೆ ಬರೆ ಬೇಡ. ಒಂದು ಒಳ್ಳೆ ಚಾಕು, ಒಂದು ಪ್ಯಾನು ಬೇಕು. ನಮ್ಮನೇರಿಗೆ ಹೇಳಿದ್ರೆ ಅಂಗಡೀಲಿ ಇಲ್ವಾ ಅಂತಾರೆ. ನೀವು ಆರಿಸ್ಕೊಡಿ."

"ಅಂಗಡೀಲಿ ಇದೆಯಲ್ಲ ಜಮೀಲಮ್ಮ" ಎಂದು ಮೂರ್ತಿ ನಕ್ಕ.

"ನೀವೂ ಅದನ್ನೇ ಹೇಳಿ!"

ಹಳೆಯ ಪೇಟೆಯಲ್ಲಿ ತಗಡು ಬಡಿಯುವವರ ಬೀದಿಯೊಂದಿತ್ತು. ಫುಟ್‌ಪಾತಿನಲ್ಲೇ ಕೂತು ಟಿಣ್ ಟಿಣ್ ಎಂದು ಬಡಿಯುತ್ತಿದ್ದರು. ಸ್ಕೂಟರುಗಳ ನಡುವೆ ಹೇಗೋ ದಾಟಿ ಇಬ್ಬರೂ ಕಿರಿದಾದ ಒಂದು ಅಂಗಡಿ ಹೊಕ್ಕರು. ಮೇಲಿನಿಂದ ಪಾತ್ರೆಗಳು ತೂಗುಬಿದ್ದಿದ್ದವು, ನೆಲದಲ್ಲಿ ಒಂದರೊಳಗೊಂದು ಕೂತಿದ್ದವು. ನಡುವೆ ಹೂವಿನ ಬಟ್ಟೆ ತೊಟ್ಟ ಅರವತ್ತರ ಹೆಂಗಸೊಬ್ಬಳು ಸಣ್ಣ ಸ್ಟೂಲಿನ ಮೇಲೆ ಕೂತಿದ್ದಳು. ಮೂರ್ತಿಗೆ ನಾಲ್ಕು ದಿನದಲ್ಲಿ ಮೊದಲ ಸಲ ತನ್ನ ಜಾಗಕ್ಕೆ ಬಂದಂತಾಯಿತು.

ಮೊದಲು ಪ್ಯಾನು. ಫಳಫಳ ಹೊಳೆಯುವ ನಾನ್‌ಸ್ಟಿಕ್ ಪ್ಯಾನುಗಳನ್ನು ಅವನು ಮುಟ್ಟಲೂ ಇಲ್ಲ. "ಇವನ್ನ ನಾನೇ ದಿನಾ ಮಾರ್ತೀನಿ. ಎರಡು ವರ್ಷಕ್ಕೆ ಮೇಲಿಂದು ಸುಲಿಯುತ್ತೆ." ಕಪ್ಪು ಉಕ್ಕಿನ ಒಂದನ್ನು ಎತ್ತಿಕೊಂಡು ಗಾಜಿನ ಕೌಂಟರಿನ ಮೇಲಿಟ್ಟು ಅಂಚನ್ನು ಬೆರಳಿಂದ ಒತ್ತಿದ. ಕಟಕ್ ಎಂದು ಓಲಾಡಿತು. "ತಳ ಸಮ ಇಲ್ಲ. ಎಣ್ಣೆ ಎಲ್ಲ ಒಂದು ಕಡೆ ಓಡುತ್ತೆ." ಇನ್ನೊಂದು ಓಲಾಡಲಿಲ್ಲ. ಹಿಡಿಯನ್ನು ಪಾತ್ರೆಗೆ ಸೇರಿಸಿದ ಕಡೆ ಮೂರು ರಿವೆಟ್ ಇವೆಯೇ ನೋಡಿದ, ತಳಕ್ಕೆ ಉಗುರಿನಿಂದ ಬಡಿದು ಸದ್ದಿನಿಂದಲೇ ದಪ್ಪ ತಿಳಿದುಕೊಂಡ, ಆಮೇಲೆ ಅದನ್ನು ಜಮೀಲುನ್ನೀಸಾಳ ಕೈಗೆ ಕೊಟ್ಟ.

"ಕೈ ಚಾಚಿ ಹಿಡ್ಕೊಳ್ಳಿ. ಇಪ್ಪತ್ತು ಎಣಿಸೋವರೆಗೂ ಮಣಿಕಟ್ಟು ಸೋಲಬಾರ್ದು."

ಅವಳು ಹಿಡಿದಳು. ಸೋಲಲಿಲ್ಲ.

ಚಾಕು ಆರಿಸುವಾಗ ಅಂಗಡಿಯ ಹೆಂಗಸೂ ಎದ್ದು ಬಂದಳು. ಮೂರ್ತಿ ಒಂದೊಂದನ್ನೇ ಕಣ್ಣಿನ ಮಟ್ಟಕ್ಕೆ ಹಿಡಿದು, ಅಲಗಿನ ಬೆನ್ನು ನೆಟ್ಟಗಿದೆಯೇ ಎಂದು ಬೆಳಕಿಗೆ ನೋಡುತ್ತಿದ್ದ. ಉಕ್ಕು ಹಿಡಿಯ ಕೊನೆಯವರೆಗೂ ಹೋಗಿದೆಯೇ ಎಂದು ತಿರುಗಿಸುತ್ತಿದ್ದ. ಅಲಗೂ ಹಿಡಿಯೂ ಸೇರುವಲ್ಲಿ ತೋರುಬೆರಳಿನ ಮೇಲೆ ಅಡ್ಡ ಇಟ್ಟು, ಯಾವ ಕಡೆಗೂ ಬೀಳದೆ ನಿಂತದ್ದನ್ನು ಬೇರೆ ಇಟ್ಟ. ಹೆಂಗಸು ಅವನನ್ನೇ ನೋಡುತ್ತಿದ್ದವಳು ಒಳಗೆ ಹೋಗಿ, ಹಾಳೆಯಲ್ಲಿ ಸುತ್ತಿದ ನಾಲ್ಕು ಚಾಕು ತಂದು ಮುಂದಿಟ್ಟಳು. ಹೊಳಪಿಲ್ಲ, ಸುತ್ತಿಗೆಯ ಗುರುತು ಹಾಗೇ ಇದೆ. ಅವಳು ತನ್ನ ಫೋನಿಗೆ ಏನೋ ಹೇಳಿದಳು. ಫೋನು ಇಂಗ್ಲಿಷಿನಲ್ಲಿ, ಲಾರಿಯ ಸ್ಪ್ರಿಂಗಿನಿಂದ ಮಾಡಿದ್ದು ಎಂದಿತು.

ಮೂರ್ತಿ ಜೋರಾಗಿ ನಕ್ಕುಬಿಟ್ಟ. "ನಮ್ಮೂರ ಕಮ್ಮಾರ ಗುರುವಯ್ಯನೂ ಹಾಗೇ ಅಲ್ವಾ! ಜೀಪಿನ ಸ್ಪ್ರಿಂಗ್ ಪ್ಲೇಟು ತಂದುಕೊಟ್ರೆ ಕಾಡು ಸವರೋ ಕತ್ತಿ ಬಡಿದುಕೊಡ್ತಾನೆ. ತಗೊಳ್ಳಿ ಜಮೀಲಮ್ಮ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

ಜಮೀಲುನ್ನೀಸಾ ಪ್ಯಾನನ್ನು ಮತ್ತೆ ಎತ್ತಿಕೊಂಡು ಒಳಗೆಲ್ಲ ಬೆರಳಾಡಿಸಿದಳು. "ಅಣ್ಣ, ಇದನ್ನ ಪಳಗಿಸೋದು ಹೇಗೆ? ನಮ್ಮ ಕಾವಲಿ ಥರಾನೇನಾ?"

"ಮೂರು ದಿನ ಗಂಜಿನೀರು ಹಾಕಿಡಿ. ತೊಳೆದು, ಕಾಯಿಸಿ, ಎಣ್ಣೆ ಹಾಕಿ ಅರ್ಧ ಈರುಳ್ಳಿ ತಗೊಂಡು ಚೆನ್ನಾಗಿ ಉಜ್ಜಿ. ಅವಸರ ಮಾಡ್ಬೇಡಿ, ಹೊಸ ಸೊಸೆ ಇದ್ದಂಗೆ ಅದು, ಮನೆಗೆ ಹೊಂದ್ಕೊಳ್ಳಕ್ಕೆ ದಿನ ಬೇಕು."

ಹೇಳಿ ಮುಗಿಸಿದ ಮೇಲೆ ಮೂರ್ತಿಗೆ ಹೊಳೆಯಿತು. ಆ ಮಾತು ತನ್ನದಲ್ಲ. ಒಂದಕ್ಷರವೂ ತನ್ನದಲ್ಲ. ಕೌಂಟರಿನ ಹಿಂದೆ ಕೂತು ರುದ್ರಾಣಿ ಹೆಂಗಸರಿಗೆ ಹೇಳುತ್ತಿದ್ದುದು. ಕೊನೆಯಲ್ಲಿ ಧ್ವನಿ ಎಳೆಯುವ ರೀತಿ ಕೂಡ ಅವಳದೇ.

"ಎಷ್ಟು ದಿನಕ್ಕೆ ಅಂಟೋದು ಬಿಡುತ್ತೆ?" ಜಮೀಲುನ್ನೀಸಾ ಕೇಳಿದಳು. "ನಿಮ್ಮನೇಲಿ ಯಾವ್ದು ಇಟ್ಟಿದೀರಿ, ಇಂಥದ್ದೇನಾ?"

ಮೊದಲ ಪ್ರಶ್ನೆಯ ಉತ್ತರ ಮೂರ್ತಿಗೆ ಗೊತ್ತಿರಲಿಲ್ಲ. ಸಾವಿರಾರು ಪ್ಯಾನು ಮಾರಿದವನು, ಒಂದನ್ನೂ ಒಲೆಯ ಮೇಲಿಟ್ಟಿರಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮನೆಯಲ್ಲಿದ್ದುದೆಲ್ಲ ಮಾರಾಟವಾಗದ ಮಾಲು. ಲಾರಿಯಿಂದ ಇಳಿಸುವಾಗ ನೆಗ್ಗಿದ ಕುಕ್ಕರ್, ಗೀರು ಬಿದ್ದ ಪ್ಯಾನು, ಗಿರಾಕಿ ಹಿಡಿ ಸಡಿಲವೆಂದು ವಾಪಸ್ ತಂದ ಬಾಣಲೆ. "ಇದನ್ನ ಮೇಲೆ ತಗೊಂಡು ಹೋಗು, ಮಾರಕ್ಕಾಗಲ್ಲ" ಎಂದು ಅವನು ಕೊಡುತ್ತಿದ್ದ. ಅವಳು ತೆಗೆದುಕೊಂಡು ಹೋಗುತ್ತಿದ್ದಳು. ಹಿಡಿಗೆ ಬಟ್ಟೆ ಸುತ್ತಿ ಅಡಿಗೆ ಮಾಡುತ್ತಿದ್ದಳು. ಒಮ್ಮೆ ಮಂಡಿ ನೋವಿಗೆ ಈಳಿಗೆಮಣೆಯ ಮುಂದೆ ಕೂರಲಾಗದೆ, ನಿಂತು ಹೆಚ್ಚಲು ಒಂದು ಒಳ್ಳೆ ಚಾಕು ಬೇಕು ಎಂದಿದ್ದಳು. ಕಂಪನಿಯವರು ಪುಕ್ಕಟೆ ಕೊಟ್ಟ, ಹೆಸರು ಮುದ್ರಿಸಿದ ಚಾಕು ಕೊಟ್ಟಿದ್ದ. ಅದು ಕುಂಬಳಕಾಯಿಗೆ ಬಗ್ಗಿಹೋಗಿತ್ತು. ಮತ್ತೆ ಅವಳು ಕೇಳಲಿಲ್ಲ. ಅವನೂ ನೆನಪಿಟ್ಟುಕೊಳ್ಳಲಿಲ್ಲ.

"ನಮ್ಮನೇಲಿ ಇಂಥದ್ದಿಲ್ಲ ಜಮೀಲಮ್ಮ" ಎಂದ. "ಅವಳಿಗೆ ಒಂದು ಕೊಡ್ಸಬೇಕಿತ್ತು."

ಜಮೀಲುನ್ನೀಸಾ ಅವನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದಳು.

ಮೂರ್ತಿ ತನಗೂ ಒಂದು ಪ್ಯಾನು ಬೇಕು ಎಂದು ಕೈಸನ್ನೆ ಮಾಡಿದ. ಅಂಗಡಿಯವಳು ಅಳತೆ ಕೇಳಲು ಬೆರಳೆತ್ತಿದಳು: ಆರು ಜನಕ್ಕೋ, ನಾಲ್ಕು ಜನಕ್ಕೋ? ಮೂರ್ತಿ ಎರಡು ಬೆರಳು ತೋರಿಸಿದ. ಅವಳು ಏಣಿ ಹತ್ತತೊಡಗಿದಾಗ ತಡೆದು, ಒಂದನ್ನು ಮಡಿಸಿದ. ಅವಳು ಇಳಿದು ಬಂದು, ಕೆಳಗಿನ ಸಾಲಿನಿಂದ ಚಿಕ್ಕದೊಂದನ್ನು ತೆಗೆದು, ತಾನೇ ಗಾಜಿನ ಮೇಲಿಟ್ಟು ಅಂಚು ಒತ್ತಿ ತೋರಿಸಿದಳು. ಓಲಾಡಲಿಲ್ಲ. ಒಂದು ಚಾಕನ್ನೂ ಆರಿಸಿಕೊಂಡ. ಹೋಟೆಲಿಗೆ ಮರಳಿ ಎರಡನ್ನೂ ಪಂಚೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ತಳಕ್ಕೆ ಹಾಕಿದ. ಕೈಚೀಲದಲ್ಲಿಟ್ಟರೆ ವಿಮಾನಕ್ಕೆ ಬಿಡುವುದಿಲ್ಲ ಎಂದು ಜಮೀಲುನ್ನೀಸಾ ಎರಡೆರಡು ಸಲ ಹೇಳಿದ್ದಳು.

ಊರಿಗೆ ಬಂದವನು ಮೂರು ದಿನ ಗಂಜಿನೀರು ಹಾಕಿಟ್ಟ. ಗಂಜಿಗೆಂದು ಅನ್ನ ಮಾಡಬೇಕಾಯಿತು. ಅನ್ನವಾದ ಮೇಲೆ ಮೊಸರು ಕಲಸಿ ತಿಂದ. ನಾಲ್ಕನೆಯ ದಿನ ಬೆಳಿಗ್ಗೆ ಎಣ್ಣೆ ಕಾಯಿಸಿ ಈರುಳ್ಳಿ ಉಜ್ಜಿದ. ಅಕ್ಕಿಹಿಟ್ಟು ಕಲಸಿ ರೊಟ್ಟಿ ತಟ್ಟಿದ. ರೊಟ್ಟಿ ಕಚ್ಚಿಕೊಂಡು ಕೂತಿತು. ಕೆರೆದರೆ ಪುಡಿಪುಡಿಯಾಗಿ ಬಂತು. ಜಮೀಲುನ್ನೀಸಾಳಿಗೆ ಫೋನು ಮಾಡಿದ.

"ಹಿಟ್ಟಿಗೆ ಬಿಸಿನೀರು ಹಾಕಿದ್ರಾ ಅಣ್ಣ? ತಣ್ಣೀರು ಹಾಕಿದ್ರೆ ಹಂಗೇ. ಪ್ಯಾನು ಹೊಗೆ ಬರೋವಷ್ಟು ಕಾಯ್ಲಿ, ಆಮೇಲೆ ಉರಿ ಸಣ್ಣ ಮಾಡಿ."

ಮಾರನೆಯ ದಿನ ಹೆಸರುಬೇಳೆ ಸೀದಿದ್ದಕ್ಕೆ ಮತ್ತೆ ಫೋನು ಮಾಡಿದ. ಆ ಕಡೆ ಮಕ್ಕಳು ಕಿರುಚುತ್ತಿದ್ದರು, ಮಿಕ್ಸಿ ಓಡುತ್ತಿತ್ತು, ತಟ್ಟೆ ಬಡಿಯುವ ಸದ್ದು, "ಯಾರದು?" ಎನ್ನುವ ಫಜಲುಲ್ಲಾನ ದನಿ. ಜಮೀಲುನ್ನೀಸಾ ಎಲ್ಲರನ್ನೂ ಗದರಿಸಿ ಬೇರೆ ಕೋಣೆಗೆ ಹೋಗಿ ತಾಳ್ಮೆಯಿಂದ ಹೇಳಿದಳು. ಅವಳು ಹೇಳಿದ್ದು ಮೂರ್ತಿಯ ತಲೆಗೆ ಹೋಗಲೇ ಇಲ್ಲ. ಅವನು ಆ ಮನೆಯ ಗದ್ದಲವನ್ನೇ ಕೇಳುತ್ತಿದ್ದ. ಫೋನಿಟ್ಟಾಗ ತನ್ನ ಅಡಿಗೆಮನೆಯಲ್ಲಿ ಗ್ಯಾಸಿನ ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಊಟದ ಹೊತ್ತಿಗೆ ಇನ್ನೊಬ್ಬರ ಮನೆಗೆ ಹೀಗೆ ನುಗ್ಗಬಾರದು ಎನಿಸಿತು. ಮೂರನೆಯ ಸಲ ಮಾಡಲಿಲ್ಲ.

ಹನ್ನೊಂದು ದಿನ ರೊಟ್ಟಿ ಅಂಟಿತು. ಲಾರಿ ಸ್ಪ್ರಿಂಗಿನ ಚಾಕು ಅವನ ಹೆಬ್ಬೆರಳನ್ನು ಎರಡು ಸಲ ಕೊಯ್ದಿತು. ಈರುಳ್ಳಿಯನ್ನು ಅರ್ಧ ಮಾಡಿ ಕೊಯ್ದ ಕಡೆ ಕೆಳಗೆ ಮಾಡಿ ಇಟ್ಟುಕೊಂಡರೆ ಜಾರುವುದಿಲ್ಲ ಎಂದು ತಾನಾಗಿ ಕಂಡುಕೊಂಡ. ಹನ್ನೆರಡನೆಯ ದಿನ ರೊಟ್ಟಿ ಅಂಚಿನಿಂದ ತಾನೇ ಎದ್ದು, ಪ್ಯಾನು ಅಲುಗಿಸಿದರೆ ಸರ್ರನೆ ಜಾರಿತು. ಮೂರ್ತಿ ಅದನ್ನು ಎರಡು ಮೂರು ಸಲ ಸುಮ್ಮನೆ ಜಾರಿಸಿದ. "ನೋಡಿಲ್ಲಿ" ಎನ್ನಲು ಬಾಯಿ ತೆರೆದೂ ಬಿಟ್ಟ. ಆಮೇಲೆ ತಟ್ಟೆಗೆ ಹಾಕಿಕೊಂಡು, ಕಾಯಿಚಟ್ನಿ ಇಲ್ಲದ್ದರಿಂದ ಬೆಣ್ಣೆ ಹಚ್ಚಿ, ನಿಂತುಕೊಂಡೇ ತಿಂದ. ಬಿಸಿ ರೊಟ್ಟಿ ತಿಂದು ಎರಡು ವರ್ಷವಾಗಿತ್ತು. ತಿನ್ನುತ್ತಾ ಕಣ್ಣು ತುಂಬಿ ಬಂದಿದ್ದಕ್ಕೆ ಹೊಗೆಯ ನೆಪವೂ ಇರಲಿಲ್ಲ.

ಅದೇ ವಾರ ಅಂಗಡಿಗೆ ಮಲ್ಲಂದೂರಿನ ಟೀಚರ್ ತನುಜಾ ಬಂದಳು. ಉಕ್ಕಿನ ಪ್ಯಾನು ಕೈಯಲ್ಲಿ ಹಿಡಿದು, "ಇದು ಅಂಟಲ್ವಾ?" ಎಂದಳು. ಮೊದಲಾಗಿದ್ದರೆ ಮೂರ್ತಿ ಅಂಟಲ್ಲ ಎನ್ನುತ್ತಿದ್ದ.

"ಅಂಟುತ್ತಮ್ಮ. ಹತ್ತು ಹನ್ನೆರಡು ದಿನ ಅಂಟುತ್ತೆ. ಅಂಟಿದ್ರೆ ಸೋಪು ಹಾಕಿ ಉಜ್ಜಬೇಡಿ, ಬಿಸಿನೀರು ಹಾಕಿ ಬಿಡಿ. ನಂದು ಈಗ ಸರಿಯಾಯ್ತು."

"ನೀವೇ ಅಡಿಗೆ ಮಾಡ್ಕೊಳ್ತೀರಾ?" ಎಂದು ಅವಳು ಕೇಳಿದಳು. ಹೌದೆಂದ. ಅವಳು ಸ್ಟೂಲು ಎಳೆದುಕೊಂಡು ಕೂತು, ಪ್ಯಾನಿನ ಜೊತೆಗೆ ಇನ್ನೂ ಎರಡು ಪಾತ್ರೆಯ ವಿಷಯ ವಿಚಾರಿಸಿದಳು.

ಆ ಸಂಜೆ ಮೂರ್ತಿ ಮೆಸ್ಸಿಗೆ ಹೋಗಿ, ನಾಳೆಯಿಂದ ತನ್ನ ಊಟ ಬೇಡ ಎಂದ. ಮುದ್ದಮ್ಮ ಸೌಟು ಹಿಡಿದೇ ನಿಂತಳು.

"ಯಾಕಪ್ಪ, ಸಾರಿಗೆ ಉಪ್ಪು ಜಾಸ್ತಿ ಆಯ್ತಾ?"

"ಛೆ, ಹಂಗೇನಿಲ್ಲ. ಮನೇಲೇ ಮಾಡ್ಕೊಳ್ತಾ ಇದೀನಿ."

ಮುದ್ದಮ್ಮನ ಮುಖ ಅರಳಿತು. "ಮನೆಗೆ ಯಾರು ಬಂದಿದಾರೆ?"

"ಯಾರೂ ಬಂದಿಲ್ಲ ಮುದ್ದಮ್ಮ."

ಅವಳಿಗೆ ಅರ್ಥವಾಗಲಿಲ್ಲ. "ಒಬ್ರಿಗೆ ಅಂತ ಯಾರಾದ್ರೂ ಒಲೆ ಹಚ್ತಾರಾ?" ಎಂದಳು. ಮೂರ್ತಿ ನಕ್ಕು ಬಂದ.

ಅಡಿಗೆ ಕೈಗೆ ಹತ್ತಿತು. ಬೆಂಡೆಕಾಯಿ ಲೋಳೆಯಾಗದಂತೆ ಹುರಿಯುವುದು ಬಂತು, ದೋಸೆ ಬಂತು. ಆದರೆ ಮೆಸ್ಸು ಬಿಟ್ಟ ಮೇಲೆ ಸಂಜೆಗಳು ಇನ್ನೂ ಉದ್ದವಾದವು. ಅಲ್ಲಿ ಬ್ಯಾಂಕಿನವರು, ಬಸ್ಸಿನ ಕಂಡಕ್ಟರು, ಕಾಫಿ ಕ್ಯೂರಿಂಗಿನಲ್ಲಿ ಲೆಕ್ಕ ಬರೆಯುವ ರೈಟರು ಎಲ್ಲ ಒಂದೇ ಬೆಂಚಿನಲ್ಲಿ ಕೂತು ಮಾತಾಡುತ್ತಿದ್ದರು. ಮಾತಾಡದಿದ್ದರೂ ಪಕ್ಕದಲ್ಲೊಬ್ಬರು ಉಣ್ಣುತ್ತಿದ್ದರು. ಅದನ್ನು ಮೂರ್ತಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಒಂದು ಭಾನುವಾರ ಮಧ್ಯಾಹ್ನ ಮತ್ತೆ ಅಲ್ಲಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಈಗ ಪ್ರತಿ ಭಾನುವಾರವೂ ಹೋಗುತ್ತಾನೆ. ಮುದ್ದಮ್ಮ ಅವನನ್ನು ಕಂಡೊಡನೆ ಎಲೆ ಹಾಕಿ ಬಡಿಸುತ್ತಾಳೆ.